ಛದ್ಮವೇಷಕ್ಕೆ ಮೋಡ, ಮಳೆ, ಬಿಸಿಲು, ಕಾಮನಬಿಲ್ಲು: ಕೆಲಸ ಎಲ್ಲಿಗೆ ಬಂತು

ದತ್ತು ಮಗುವಿರುವ ಮನೆಯವರೆಲ್ಲ ಒಟ್ಟಿಗೆ ವೇಷ ಹಾಕುವಾಗ ಹೋಲಿಕೆಯ ಮೇಲೆ ನಿಂತ ವಿಷಯಗಳನ್ನು ಮೊದಲೇ ಬಿಟ್ಟುಬಿಡಬೇಕು. ಬಾತುಕೋಳಿ ಮತ್ತು ಮರಿಗಳು ಅಂಥದ್ದು. ಕಾಗೆ ಗೂಡಿನ ಕೋಗಿಲೆಮರಿಯಂತೂ ಬೇಡವೇ ಬೇಡ. ಒಳ್ಳೆಯ ಮನಸ್ಸಿನಿಂದಲೇ ಯಾರೋ ಸೂಚಿಸುತ್ತಾರೆ, ಆಮೇಲೆ ಸಂಜೆಯಿಡೀ ಅದರ ಅರ್ಥ ಕೇಳಿಸಿಕೊಳ್ಳಬೇಕಾದದ್ದು ಮಗು. ಹವಾಮಾನದಲ್ಲಿ ಯಾರೂ ಯಾರನ್ನೂ ಹೋಲಬೇಕಿಲ್ಲ, ಆದರೂ ನಾಲ್ವರು ಒಂದೇ ತಂಡ ಅಂತ ಕಣ್ಣಿಗೇ ತಿಳಿಯುತ್ತದೆ. ಮೊದಲ ಆಯ್ಕೆ ಮಗುವಿನದು, ಉಳಿದದ್ದು ದೊಡ್ಡವರಿಗೆ. ಇಲ್ಲಿ ಮಗು ಕಾಮನಬಿಲ್ಲು.

ಅದರ ಕೇಪ್ ಮುಗಿದಿದೆ, ಹೆಚ್ಚು ಲೆಕ್ಕ ಬೇಡಿದ್ದೂ ಅದೇ. ಅರ್ಧವೃತ್ತದ ಕೇಪಿನ ಕುತ್ತಿಗೆಗೆ 11 ಸೆಂ.ಮೀ. ತ್ರಿಜ್ಯ ಇಟ್ಟರೆ ಅಂಚು ಸುಮಾರು 34.5 ಸೆಂ.ಮೀ. ಬರುತ್ತದೆ. ಮಗುವಿನ ಕುತ್ತಿಗೆ ಸುತ್ತಳತೆ 28 ಇದ್ದರೆ, ವೆಲ್ಕ್ರೋಗೆ 3 ಕಳೆದರೂ 3.5 ಸಡಿಲ ಉಳಿಯುತ್ತದೆ. ಫೆಲ್ಟ್ ಬಟ್ಟೆಯನ್ನು ನೇರ ಪಟ್ಟಿಯಾಗಿ ಕತ್ತರಿಸಿ ಬಗ್ಗಿಸಿ ಹೊಲಿಯಲು ಹೋದರೆ ಒಳಅಂಚು ನೆರಿಗೆ ಕಟ್ಟುತ್ತದೆ. ಅದರ ಬದಲು ಅರ್ಧವೃತ್ತಗಳನ್ನೇ ಒಂದರ ಮೇಲೊಂದು ಇಡಬೇಕು: ಕೆಂಪು 39, ಕಿತ್ತಳೆ 35, ಹಳದಿ 31, ಹಸಿರು 27, ನೀಲಿ 23, ಊದಾ 19, ನೇರಳೆ 15 ಸೆಂ.ಮೀ. ತ್ರಿಜ್ಯ. ಕೆಂಪು ಹೊರಗೇ ಇರಬೇಕು. ತಿರುಗುಮುರುಗು ಮಾಡಿದರೆ ಮಕ್ಕಳೇ ಮೊದಲು ಹಿಡಿಯುತ್ತಾರೆ! ಪ್ರತಿ ಬಣ್ಣ ಹೊಲಿದ ಮೇಲೆ ಅದರಡಿಯ ಬಟ್ಟೆಯನ್ನು 1 ಸೆಂ.ಮೀ. ಬಿಟ್ಟು ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಕುತ್ತಿಗೆ ಹತ್ತಿರ ಏಳು ಪದರ ಸೇರಿ ಭಾರ, ಸೆಕೆ ಎರಡೂ. ಕಟ್ಟುವ ದಾರ ಬೇಡ: ಎಲ್ಲಿಗಾದರೂ ಸಿಕ್ಕಿಕೊಂಡರೆ ಬಿಗಿಯುತ್ತದೆ, ವೆಲ್ಕ್ರೋ ಎಳೆದರೆ ಬಿಟ್ಟುಕೊಳ್ಳುತ್ತದೆ. ಹೊಸದಾಗಿ ಮನೆಗೆ ಬಂದ ಮಗುವಿಗೆ ಗದ್ದಲ ಸಾಕಾದಾಗ, ಯಾರನ್ನೂ ಕರೆಯದೆ ತಾನೇ ಬಿಚ್ಚಿಕೊಳ್ಳುವಂತಿರಬೇಕು.

ಬಿಸಿಲು ಅರ್ಧ ಆಗಿದೆ. 5 ಮಿ.ಮೀ. ದಪ್ಪದ ಇವಿಎ ಫೋಮ್‌ನಲ್ಲಿ (ಮೆತ್ತನೆಯ, ಹಗುರ ಹಾಳೆ) ಹನ್ನೆರಡು ಕಿರಣ. ಕಾಂಟ್ಯಾಕ್ಟ್ ಅಂಟನ್ನು ಕಿಟಕಿ ತೆರೆದಿಟ್ಟು ಎರಡೂ ಮೈಗೆ ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು; ಹಸಿಯಿದ್ದಾಗಲೇ ಒತ್ತಿದರೆ ಕಿರಣ ಜಾರುತ್ತದೆ. ಥರ್ಮೊಕೋಲ್‌ಗೆ ಈ ಅಂಟು ತಾಗಿಸಬಾರದು, ಕರಗಿಸಿಬಿಡುತ್ತದೆ. ತಲೆಯ ಮೇಲಿನ ದೊಡ್ಡ ಚಕ್ರ ಬಾಗಿಲಿಗೆ ಬಡಿಯುತ್ತದೆ, ಮಗುವನ್ನು ಎತ್ತಿಕೊಳ್ಳಲು ಬಗ್ಗಿದರೆ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಚಕ್ರ ಬೆನ್ನಿಗೆ.

ಮೋಡಕ್ಕೆ ದಿಂಬಿನ ಪಾಲಿಯೆಸ್ಟರ್ ಹತ್ತಿ. ಮುದ್ದೆಯಾಗಿ ಅಂಟಿಸಿದರೆ ಅಪ್ಪಿಕೊಂಡಾಗ ಕಿತ್ತುಬರುತ್ತದೆ. ತೆಳ್ಳಗೆ ಎಳೆದು, ಐದು ಸೆಂ.ಮೀ.ಗೊಂದರಂತೆ ಅಂಟಿನ ಚುಕ್ಕೆ ಇಟ್ಟು ಪದರಪದರವಾಗಿ ಕೂರಿಸಬೇಕು. ಮೇಣದಬತ್ತಿಯಿಂದ ದೂರ. ಒಳಗೆ ದೀಪ ಬೇಕಿದ್ದರೆ ಬಟನ್ ಸೆಲ್ಲಿನದು ಬೇಡ, ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ಸ್ಕ್ರೂ ಮುಚ್ಚಳದ, ಎಎ ಸೆಲ್ ಹಾಕುವ ಪೆಟ್ಟಿಗೆ ಸಾಕು.

ಮಳೆಗೆ ಕೊಡೆ ಯೋಚನೆ ಕೈಬಿಟ್ಟಾಗಿದೆ, ಕಡ್ಡಿಯ ತುದಿ ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತದೆ. ಅಂಗಿಗೇ ಸ್ಯಾಟಿನ್ ರಿಬ್ಬನ್, ಮೊಣಕಾಲಿಗಿಂತ ಮೇಲೆ.

ಯಾರಿಗೂ ಮುಖವಾಡ ಇಲ್ಲ. ಈಗಷ್ಟೇ ಪರಿಚಯವಾಗುತ್ತಿರುವ ಮುಖ ಮುಚ್ಚಿಹೋದರೆ ಪುಟ್ಟ ಮಗು ಬೆದರುತ್ತದೆ. ಅದಕ್ಕೇ ದೊಡ್ಡವರು ತಯಾರಾಗಿ ಕೋಣೆಯಿಂದ ಹೊರಬರುವುದಲ್ಲ, ಮಗುವಿನ ಎದುರಿಗೇ ಒಂದೊಂದಾಗಿ ತೊಡಬೇಕು.

ಬಾಕಿ: ಮುಖದ ಬಣ್ಣವನ್ನು ಹಿಂದಿನ ದಿನ ಮೊಣಕೈ ಒಳಮಗ್ಗುಲಿಗೆ ಹಚ್ಚಿ ನೋಡುವುದು, ವೇಷದಲ್ಲೇ ಶೌಚಾಲಯಕ್ಕೆ ಹೋಗಿಬರುವ ತಾಲೀಮು. ದತ್ತು ಆದೇಶ ಇನ್ನೂ ಕೈಸೇರದಿದ್ದರೆ ಮಗುವಿನ ಮುಖ ಕಾಣುವ ಫೋಟೊ ಎಲ್ಲೂ ಹಾಕದಂತೆ ಕರೆದವರಿಗೆ ಮೊದಲೇ ಹೇಳಬೇಕು. "ಇವಳು ಯಾರ ಥರ?" ಅಂತ ಯಾರಾದರೂ ಕೇಳಿದರೆ "ಇವಳು ಕಾಮನಬಿಲ್ಲು" ಅಂದರೆ ಸಾಕು, ಅದಕ್ಕಿಂತ ಹೆಚ್ಚು ಹೇಳುವುದೋ ಬಿಡುವುದೋ ಅವಳಿಗೆ ಸೇರಿದ್ದು.