220ರ ಝರ್ ಸಿಕ್ಕಿತು, ಮೇಲಿನ ಸಿ ಇನ್ನೂ ಬಾಕಿ

ಪಿಯಾನೋ ರಿಪೇರಿಗೆ ಅಂತ ಮೊದಲ ಸಲ ಹೋದಾಗ ಆ ಮನೆಯವರು ಹೇಳಿದ್ದು ಇಷ್ಟೇ: "ಶ್ರುತಿ ಸರಿಯಾಗಿದೆ, ಆದರೆ ನುಡಿಸುವಾಗ ಎಲ್ಲೋ ಝರ್ ಅನ್ನುತ್ತೆ." ಗೋಡೆಗೆ ಒರಗಿಸಿಟ್ಟ ಅಪ್‌ರೈಟ್ ಪಿಯಾನೋ. 88 ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿದೆ.

ಮಧ್ಯದ ಸಿ ಸ್ವರಕ್ಕಿಂತ ಕೆಳಗಿರುವ 220 ಹರ್ಟ್ಜ್‌ನ (ಸೆಕೆಂಡಿಗೆ 220 ಸಲ ಅದುರುವ) ಎ ಸ್ವರ ಒತ್ತಿದರೆ ಜೋರಾಗಿ ಝರ್. ಅದಕ್ಕೂ ಒಂದು ಸ್ಥಾಯಿ ಕೆಳಗೆ, 110ರ ಎ ಒತ್ತಿದರೂ ಸಣ್ಣಗೆ ಅದೇ ಸದ್ದು. ಅಕ್ಕಪಕ್ಕದ ಕೀಗಳಲ್ಲಿ ಏನೂ ಇಲ್ಲ. 110ಕ್ಕೆ ಅದುರುವ ತಂತಿಯೊಳಗೇ 220ರ ಕಂಪನವೂ ಇರುತ್ತದೆ, ಅಲ್ವಾ? ಹಾಗಾಗಿ ತಪ್ಪು ತಂತಿಯದಲ್ಲ, 220 ಕೇಳಿದಾಗಲೆಲ್ಲ ಅದುರುವ ಬೇರೆ ಏನೋ ಇದೆ ಅನ್ನಿಸಿತು.

ಕೆಳಗಿನ ಹಲಗೆಯನ್ನು ಹಿಡಿದಿಡುವ ಸ್ಪ್ರಿಂಗ್ ಸಡಿಲವಾಗಿತ್ತು. ಅಲ್ಲಿ ಕೈ ಒತ್ತಿದರೆ ಸದ್ದು ಅರ್ಧಕ್ಕರ್ಧ ಇಳಿಯಿತು. ಫೆಲ್ಟ್ ಚೂರು ಇಟ್ಟು ಬಿಗಿ ಮಾಡಿದೆ. ಪೂರ್ತಿ ಹೋಗಲಿಲ್ಲ. ಕೋಣೆಯಲ್ಲಿದ್ದ ಗಾಜಿನ ಫೋಟೋ, ದೀಪ ಎಲ್ಲ ಆಚೆ ಇಟ್ಟೆವು. ಆಗಲೂ ಹೋಗಲಿಲ್ಲ.

ಎರಡನೇ ಸಲ ಪಿಯಾನೋವನ್ನೇ ಗೋಡೆಯಿಂದ ಮುಂದಕ್ಕೆ ಎಳೆದೆವು. ಭಾರ ಜಾಸ್ತಿ, ಇಬ್ಬರು ಬೇಕಾಯಿತು. ಅವರು ಎ ಒತ್ತುತ್ತಾ ಕೂತರು, ನಾನು ಹಿಂದೆ ಕೂತು ಸೌಂಡ್‌ಬೋರ್ಡ್ (ತಂತಿಗಳ ಸದ್ದನ್ನು ಜೋರು ಮಾಡುವ ದೊಡ್ಡ ಹಲಗೆ) ಮೇಲೆ ಬೆರಳಾಡಿಸಿದೆ. ಈ ಕೆಲಸದಲ್ಲಿ ನಾನು ಕಿವಿಗಿಂತ ಬೆರಳನ್ನೇ ನಂಬುತ್ತೇನೆ. ಸೌಂಡ್‌ಬೋರ್ಡ್ ಇಡೀ ಹಲಗೆಯಾಗಿ ಅದುರುವುದರಿಂದ ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ಬಲಗಡೆ, ಪಿಯಾನೋ ಬೆನ್ನಿಗಿರುವ ಕಂಬದ ಹತ್ತಿರ ಬೆರಳ ತುದಿಗೆ ಇರುವೆ ಕಚ್ಚಿದ ಹಾಗಾಯಿತು. ಟಾರ್ಚ್ ಹಾಕಿದೆ. ಕಂಬಕ್ಕೂ ಸೌಂಡ್‌ಬೋರ್ಡಿಗೂ ನಡುವೆ ಒಂದು ಮೋಟು ಪೆನ್ಸಿಲ್! ತಲೆ ಮಾತ್ರ ಹಲಗೆಗೆ ತಾಗುತ್ತಿತ್ತು. ಚಿಮಟದಲ್ಲಿ ಎಳೆದು ತೆಗೆದೆ. ಅವರು ಮತ್ತೆ ಎ ಒತ್ತಿದರು. ಶುದ್ಧ ಸ್ವರ, ಕೊನೆಯವರೆಗೂ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೇಳುತ್ತಾ ನಿಂತೆವು.

ಆಮೇಲೆ ಅವರೇ ಇನ್ನೊಂದು ತೋರಿಸಿದರು. ಮೇಲಿನ ಒಂದು ಸಿ, ಸುಮಾರು 1046 ಹರ್ಟ್ಜ್, ಶ್ರುತಿ ಮಾಡಿದರೂ ಅಲೆಯಾಡುತ್ತದೆ. ಆ ಸ್ವರಕ್ಕೆ ಮೂರು ತಂತಿ. ಎರಡಕ್ಕೆ ಮ್ಯೂಟ್ (ತಂತಿ ಅದುರದಂತೆ ತಡೆಯುವ ತುಂಡು) ಹಾಕಿ ಒಂದನ್ನೇ ನುಡಿಸಿದೆ. ಎಡಗಡೆಯದು, ನಡುವಿನದು ಸರಿ ಇವೆ. ಬಲಗಡೆಯದು ಮಾತ್ರ ಒಂಟಿಯಾಗಿಯೇ "ವಾ... ವಾ..." ಅನ್ನುತ್ತದೆ. ಒಂದೇ ತಂತಿ ಹೀಗೆ ಅಲೆಯಾಡಿದರೆ ಶ್ರುತಿ ಕೀಲಿ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಬ್ರಿಜ್ (ತಂತಿಯ ಕಂಪನವನ್ನು ಸೌಂಡ್‌ಬೋರ್ಡಿಗೆ ದಾಟಿಸುವ ಮರದ ಪಟ್ಟಿ) ಮೇಲೆ ತಂತಿಯನ್ನು ಹಿಡಿದಿಡುವ ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿದೆ. ಅಲೆ ನಿಂತಿತು. ಬಿಟ್ಟೆ, ಮತ್ತೆ ಬಂತು. ಪಿನ್ ಕೂತಿರುವ ತೂತು ಸಡಿಲವಾಗಿದೆ.

ಬುಡಕ್ಕೆ ತೆಳು ಅಂಟು ಒಂದು ಹನಿ ಬಿಟ್ಟು, ಆ ಸ್ವರವನ್ನು ಇವತ್ತು ಮುಟ್ಟಬೇಡಿ ಅಂತ ಹೇಳಿ ಬಂದಿದ್ದೇನೆ. ಮುಂದಿನ ವಾರ ಮೂರೂ ತಂತಿಗಳನ್ನು ಮತ್ತೆ ಶ್ರುತಿಗೆ ತರಬೇಕು. ಅಂಟು ಹಿಡಿಯದಿದ್ದರೆ ಆ ಪಿನ್ ತೆಗೆದು, ಸ್ವಲ್ಪ ದಪ್ಪದ್ದು ಹಾಕುತ್ತೇನೆ.