ವಿಂಡೋಸ್ 10 ಬಂದ್ ಆತಂತಲ್ರಿ, ಕಂಪ್ಯೂಟರ್ ಒಗಿಬೇಕೇನ್ರಿ?

ಕಲಬುರಗಿ ನೆಹರು ಗಂಜ್‌ನ ಒಂದಷ್ಟು ಅಡತಿ ಅಂಗಡಿ, ನಾಲ್ಕು ದಾಲ್ ಮಿಲ್ಲು, ಎರಡು ಆಡಿಟರ್ ಆಫೀಸು. ಇವುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. 2025ರ ಅಕ್ಟೋಬರ್‌ನಿಂದ ಎಲ್ಲಿ ಹೋದರೂ ನನಗೆ ಒಂದೇ ಪ್ರಶ್ನೆ. ಚಹಾದಂಗಡಿ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಶರಣಬಸವೇಶ್ವರ ಗುಡಿಯ ಮುಂದೆ ಚಪ್ಪಲಿ ಬಿಡುವಾಗಲೂ ಕೇಳಿದರು.

"ಸುಮ್ನ ಕೇಳ್ತೀನ್ರಿ. ವಿಂಡೋಸ್ 10 ಬಂದ್ ಆತಂತಲ್ರಿ, ಕಂಪ್ಯೂಟರ್ ಒಗಿಬೇಕೇನ್ರಿ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬಂದ್ ಆಗಿಲ್ಲ. ಒಗಿಬೇಡಿ. ಹಾಗಂತ ಇದ್ದ ಹಾಗೆ ಬಿಡಲೂಬೇಡಿ.

ಮೊದಲು ಆ 'ಬಂದ್' ಅನ್ನೋ ಮಾತು ಬಿಡಿ. ಬಂದ್ ಅಂದ್ರೆ ಶಟರ್ ಎಳೆದ ಹಾಗೆ. ಬೆಳಗ್ಗೆ ಬಟನ್ ಒತ್ತಿದರೆ ಕಂಪ್ಯೂಟರ್ ಏಳುವುದೇ ಇಲ್ಲ ಅಂತ ಜನ ತಿಳಿದುಕೊಂಡರು. ಅಕ್ಟೋಬರ್ 15ರ ಬೆಳಗ್ಗೆ ಒಬ್ಬ ಸಾವಕಾರರು ಫೋನ್ ಮಾಡಿ, "ಚಾಲೂ ಆತಲ್ರೀ! ಸುಮ್ನ ಅಂಜಿಸಿದ್ರಿ ನೀವು" ಅಂದರು. ನಾನು ಅಂಜಿಸಿರಲಿಲ್ಲ. ಹೇಳಿದ್ದು ಇಷ್ಟೇ: 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತಿಂಗಳು ತಿಂಗಳು ಕೊಡುತ್ತಿದ್ದ ಪುಕ್ಕಟೆ ಸೆಕ್ಯೂರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಮೊದಲಿನ ಹಾಗೇ ನಡೆಯುತ್ತದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ಆದರೆ ಇನ್ನು ಮುಂದೆ ಅದರಲ್ಲಿ ಹೊಸ ತೂತು ಸಿಕ್ಕರೆ ಮುಚ್ಚಲು ತಾವಾಗಿ ಯಾರೂ ಬರುವುದಿಲ್ಲ. ಕಳ್ಳರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ತೂತು ಮುಚ್ಚುವುದು ಎಷ್ಟು ದೊಡ್ಡ ಮಾತು ಅಂತ 2017ರಲ್ಲಿ ಜಗತ್ತೇ ನೋಡಿತು. ವಿಂಡೋಸ್‌ನ ಒಂದು ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ಅಪ್‌ಡೇಟ್ ಕೊಟ್ಟಿತ್ತು. ಮೇ 12ರಂದು ಅದೇ ತೂತಿನಿಂದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಅನ್ನೋ ದುಷ್ಟ ಸಾಫ್ಟ್‌ವೇರ್ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ನಡುವೆ ಎರಡು ತಿಂಗಳು ಸಮಯವಿತ್ತು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡವರ ಯಂತ್ರಕ್ಕೆ ಆ ತೂತಿನಿಂದ ಏನೂ ಆಗಲಿಲ್ಲ.

ಇನ್ನು ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಹತ್ತುತ್ತದೋ ಇಲ್ಲವೋ. ಇದನ್ನು ಫೋನಲ್ಲಿ ಕೇಳಬೇಡಿ. ಫೋನಲ್ಲಿ ನನಗೆ ಕಾಣುವುದಿಲ್ಲ. ಇಂಟೆಲ್ ಆದರೆ 8ನೇ ಜನರೇಷನ್ ಅಥವಾ ಅದರ ನಂತರದ್ದು ಇರಬೇಕು. ಟಿಪಿಎಂ 2.0 ಇರಬೇಕು. ಇದು ಕಂಪ್ಯೂಟರ್‌ನ ಗುಪ್ತ ಕೀಲಿಕೈಗಳನ್ನು ಬೇರೆಯಾಗಿ ಕಾಪಾಡಿ ಇಡುವ ಒಂದು ವ್ಯವಸ್ಥೆ. ರ‍್ಯಾಮ್ ಕನಿಷ್ಠ 4 ಜಿಬಿ ಅಂತ ಕಾಗದದಲ್ಲಿದೆ, ಆದರೆ ಅಷ್ಟರಲ್ಲಿ ಕೆಲಸ ಮಾಡಿದರೆ ನಿಮ್ಮ ತಾಳ್ಮೆ ಮುಗಿಯುತ್ತದೆ, 8 ಇರಲಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಟಿಪಿಎಂ ಇದ್ದೇ ಇರುತ್ತದೆ, ಬಯಾಸ್‌ನಲ್ಲಿ, ಅಂದ್ರೆ ವಿಂಡೋಸ್‌ಗಿಂತ ಮೊದಲು ಏಳುವ ಸೆಟ್ಟಿಂಗ್‌ನಲ್ಲಿ, ಆಫ್ ಆಗಿರುತ್ತದೆ. ಹೋದ ದೀಪಾವಳಿಗೆ ಒಬ್ಬರು ಮೂರು ಕಂಪ್ಯೂಟರ್ ಗುಜರಿಗೆ ಹಾಕಲು ತಯಾರಾಗಿದ್ದರು. ಎರಡರಲ್ಲಿ ಟಿಪಿಎಂ ಆನ್ ಮಾಡಿದೆ, ವಿಂಡೋಸ್ 11 ಹತ್ತಿತು. ಪುಕ್ಕಟೆ ಅಪ್‌ಗ್ರೇಡ್.

ಹತ್ತದೇ ಇದ್ದರೆ? ಮನೆಯ ಕಂಪ್ಯೂಟರ್ ಆದರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ವ್ಯವಹಾರದ ಯಂತ್ರಕ್ಕೆ ಮೂರು ವರ್ಷದ ತನಕ ದುಡ್ಡು ಕೊಟ್ಟು ಪಡೆಯಬಹುದು. ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಮುಂದಿನ ವರ್ಷ ಅದರ ದುಪ್ಪಟ್ಟು, ಅದರ ಮುಂದಿನ ವರ್ಷ ಮತ್ತೆ ದುಪ್ಪಟ್ಟು. ಬೇಗ ಹೊಸದಕ್ಕೆ ಬನ್ನಿ ಅಂತಲೇ ಹೀಗೆ ದರ ಏರಿಸಿಟ್ಟಿದ್ದಾರೆ.

"ಹಂಗಾರ ಹೊಸದೇ ತಗೋಂತೀರಿ. ನಿಮಗ ಅದರಾಗ ಕಮಿಷನ್ ಎಷ್ಟ್ರಿ?"

ಈ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಾನು ಕಂಪ್ಯೂಟರ್ ಮಾರುವುದಿಲ್ಲ. ಮಾರುವುದಾಗಿದ್ದರೆ ಈಗ ತಗೊಳ್ಳಿ ಅಂತ ಎಲ್ಲರ ಬೆನ್ನು ಹತ್ತುತ್ತಿದ್ದೆ. ನಾನು ಹೇಳುತ್ತಿರುವುದು ಉಲ್ಟಾ. 2025ರ ಕೊನೆಯಿಂದ ರ‍್ಯಾಮ್ ದರ ಹುಚ್ಚೆದ್ದು ಏರಿತು. ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನೆಲ್ಲ ಬಾಚಿಕೊಂಡವು. ಮೈಕ್ರಾನ್ ಕಂಪನಿಯಂತೂ ನಮ್ಮಂಥ ಸಣ್ಣ ಗಿರಾಕಿಗಳಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇನೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಇಂಥ ದರದಲ್ಲಿ ಗಾಬರಿಯಾಗಿ ಐದು ಯಂತ್ರ ಖರೀದಿ ಮಾಡಿ ಅಂತ ನಾನು ಯಾರಿಗೂ ಹೇಳಲಾರೆ. ಬ್ಯಾಂಕು, ಜಿಎಸ್‌ಟಿ, ಮೇಲ್ ನೋಡುವ ಯಂತ್ರ ಯಾವುದು? ಅದನ್ನ ಮೊದಲು ಬದಲಿಸಿ. ಹಮಾಲಿ ಲೆಕ್ಕ ಟೈಪ್ ಮಾಡುವ ಯಂತ್ರದಿಂದ ಇಂಟರ್ನೆಟ್ ತಂತಿ ಕಿತ್ತುಬಿಡಿ, ಅದು ಇನ್ನೂ ಒಂದು ವರ್ಷ ದುಡಿಯಲಿ.

ಇಷ್ಟೇ ಪ್ರಶ್ನೆಗೆ ಉತ್ತರ. ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ.

ವಿಂಡೋಸ್ 7ಕ್ಕೂ ಹೀಗೇ ಆಗಿತ್ತು. 2020ರ ಜನವರಿ 14ಕ್ಕೆ ಅದರ ಅಪ್‌ಡೇಟ್ ನಿಂತವು. ಆಗ ಗಂಜ್‌ನ ಒಂದು ಅಡತಿ ಅಂಗಡಿಯವರು ಇದೇ ಪ್ರಶ್ನೆ ಕೇಳಿದರು. ನಾನೇ ಮುಂದೆ ನಿಂತು ಹೊಸ ಕಂಪ್ಯೂಟರ್ ಕೊಡಿಸಿದೆ. ವಿಂಡೋಸ್ 10, ಎಲ್ಲ ಅಪ್‌ಡೇಟ್ ಹಾಕಿದ್ದೆ. ಸಾವಕಾರರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ನನಗೆ ಪೇಢೆ ಕೊಟ್ಟರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಮರು ವರ್ಷ ಜನವರಿ. ತೊಗರಿ ಆವಕ ಜೋರಿತ್ತು. ಬೆಳಗ್ಗೆ ಎಂಟಕ್ಕೆ ಫೋನು. ಟ್ಯಾಲಿ ತೆರೆಯುತ್ತಿಲ್ಲ. ಹೋಗಿ ನೋಡಿದರೆ ಟ್ಯಾಲಿ ಲೆಕ್ಕ ಇಡುವ '10000' ಅನ್ನೋ ಫೋಲ್ಡರ್ ಒಳಗಿನ ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪಕ್ಕದಲ್ಲಿ ಒಂದು ಸಣ್ಣ ಫೈಲು. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ. ಬ್ಯಾಕಪ್ ಎಲ್ಲಿ ಅಂದೆ. ಮುನೀಮ್ ಕಾಕಾ ಕಂಪ್ಯೂಟರ್ ಹಿಂದೆ ಕೈ ಹಾಕಿ ತೋರಿಸಿದರು. ಪೆನ್ ಡ್ರೈವ್ ಅಲ್ಲೇ ಇತ್ತು. ಹಗಲು ರಾತ್ರಿ ಅಲ್ಲೇ ಸಿಕ್ಕಿಸಿಟ್ಟಿದ್ದರು. ಅದರೊಳಗಿನ ಫೈಲುಗಳಿಗೂ ಅದೇ ಬಾಲ.

ಕಳ್ಳರು ಒಳಗೆ ಹೇಗೆ ಬಂದರು ಅಂತ ಹುಡುಕಿದೆ. ಹೈದರಾಬಾದ್‌ನಲ್ಲಿ ಓದುತ್ತಿದ್ದ ಸಾವಕಾರರ ಮಗ ಅಲ್ಲಿಂದಲೇ ಲೆಕ್ಕ ನೋಡಲಿ ಅಂತ ಯಾರೋ ರಿಮೋಟ್ ಡೆಸ್ಕ್‌ಟಾಪ್ ತೆರೆದುಕೊಟ್ಟಿದ್ದರು. ರೌಟರ್‌ನಿಂದ ನೇರ ಹೊರಗೆ. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ಹೊಸ ಕಂಪ್ಯೂಟರ್, ಎಲ್ಲ ಅಪ್‌ಡೇಟ್, ಬಾಗಿಲು ಮಾತ್ರ ಹಾರು ಹೊಡೆದಿತ್ತು.

ಹಣ ಕೊಡುವುದು ಬೇಡ ಅಂದೆ. ಕೊಟ್ಟರೂ ಬಿಡಿಸಿಕೊಡುತ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಪುಣ್ಯಕ್ಕೆ ಆಡಿಟರ್ ಆಫೀಸಿಗೆ ಅಕ್ಟೋಬರ್‌ನಲ್ಲಿ ಕಳಿಸಿದ ಒಂದು ಕಾಪಿ ಸಿಕ್ಕಿತು. ಅಲ್ಲಿಂದ ಮುಂದಿನದು ಕಾಗದದಲ್ಲಿ ಮಾತ್ರ. ರೈತರಿಗೆ ಕೊಟ್ಟ ಪಟ್ಟಿಗಳ ಕಾರ್ಬನ್ ಕಾಪಿ, ಪುಸ್ತಕದ ಮೇಲೆ ಪುಸ್ತಕ. ಹನ್ನೊಂದು ರಾತ್ರಿ ಕೂತೆವು. ಕಾಕಾ ಓದುವುದು, ನಾನು ಮತ್ತು ಅಂಗಡಿಯ ಹುಡುಗ ಸರತಿಯಲ್ಲಿ ಹೊಡೆಯುವುದು. ಕೆಳಗಿನ ಕಾಪಿಯಲ್ಲಿ ಅಕ್ಷರ ಮಸುಕು. 3 ಇದೆಯೋ 8 ಇದೆಯೋ ತಿಳಿಯದು. ಕಾಕಾ ಹಾಳೆಯನ್ನು ಟ್ಯೂಬ್‌ಲೈಟ್‌ಗೆ ಹಿಡಿದು, ಓರೆ ಮಾಡಿ, ಬೆನ್ನ ಮೇಲೆ ಬೆರಳಾಡಿಸಿ ಪೆನ್ನು ಒತ್ತಿದ ಗುರುತು ಹುಡುಕುತ್ತಿದ್ದರು. ಅವರ ಬೆರಳ ತುದಿಯೆಲ್ಲ ನೀಲಿ. ಹಗಲಲ್ಲಿ ರೈತರು ಬಂದು ನಿಲ್ಲುತ್ತಿದ್ದರು. ಆಳಂದ ಕಡೆಯ ಒಬ್ಬ ಅಜ್ಜ, "ನಂದು ಎಷ್ಟು ಬಾಕಿ ಅದ ತಮ್ಮಾ?" ಅಂದ. ಅವನ ಮುಂಗಡ ಕಳೆದು ಉಳಿದ ಹಣ ಎಷ್ಟು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾವಕಾರರು ಅವನಿಗೆ ಚಹಾ ತರಿಸಿ, ಎರಡು ದಿನ ಬಿಟ್ಟು ಬಾ ಅಂದರು. ಅಜ್ಜ ಚಹಾ ಕುಡಿಯಲಿಲ್ಲ.

ಆ ಹನ್ನೊಂದು ರಾತ್ರಿ ನನ್ನನ್ನ ಕೊರೆದದ್ದು ಒಂದೇ. ಹೊಸ ಕಂಪ್ಯೂಟರ್ ಬೇಕಾ ಅಂತ ಅವರು ಕೇಳಿದರು, ನಾನು ಅಷ್ಟಕ್ಕೇ ಉತ್ತರ ಕೊಟ್ಟೆ. ಲೆಕ್ಕ ಎಲ್ಲೆಲ್ಲಿ ಇಟ್ಟಿದ್ದೀರಿ ಅಂತ ನಾನು ಕೇಳಲಿಲ್ಲ. ಕೇಳಬೇಕಾದವನು ನಾನೇ ಆಗಿದ್ದೆ.

ಈಗ ಕೆಲವರು ಬೇರೆ ವಾದ ತೆಗೆಯುತ್ತಾರೆ. "ಅಪ್‌ಡೇಟ್ ಮಾಡಿದ್ರೇ ಕೆಡ್ತಾವ್ರಿ." 2024ರ ಜುಲೈ 19 ಅವರಿಗೆ ಬಾಯಿಪಾಠ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯೂರಿಟಿ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ದಿನ ಯಾರು ಬೇಗ ಎದ್ದರು ನೋಡಿ. ಕೈಯಲ್ಲಿ ಬರೆಯಲು ಪುಸ್ತಕ ಇಟ್ಟುಕೊಂಡವರು. ಯಂತ್ರ ಬಿದ್ದರೆ ಮೊದಲು ಏನು ಮಾಡಬೇಕು ಅಂತ ಮುಂಚೆಯೇ ಗೊತ್ತಿದ್ದವರು. ಅದೇ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸಾಫ್ಟ್‌ವೇರ್) ತಗುಲಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತವು. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ನಿಮ್ಮ ತಪ್ಪಿಲ್ಲದೆಯೂ ಒಂದು ದಿನ ಯಂತ್ರ ನಿಲ್ಲುತ್ತದೆ.

ಅದಕ್ಕೇ ನನಗೆ ಈ ಪ್ರಶ್ನೆ ಕೇಳಿ: "ನಾಳೆ ಮುಂಜಾನೆ ಇದು ಏಳಲಿಲ್ಲ ಅಂದ್ರ, ನಿನ್ನೆ ತನಕದ ಲೆಕ್ಕ ಎಲ್ಲಿಂದ ಎತ್ತಿಕೊಳ್ಳಲಿ?"

ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ. ಲೆಕ್ಕದ ಮೂರು ಕಾಪಿ ಇರಲಿ. ಎರಡು ಬೇರೆ ಬೇರೆ ಸಾಧನದಲ್ಲಿ ಇರಲಿ. ಒಂದು ಅಂಗಡಿಯ ಹೊರಗೆ ಇರಲಿ. ಎರಡು ಸಣ್ಣ ಹಾರ್ಡ್ ಡಿಸ್ಕ್ ತಗೊಳ್ಳಿ, ಒಂದು ವಾರ ಇದು, ಇನ್ನೊಂದು ವಾರ ಅದು. ಬ್ಯಾಕಪ್ ಮುಗಿದ ಕೂಡಲೇ ತಂತಿ ಕಿತ್ತು ಮನೆಗೆ ಒಯ್ಯಿರಿ. ಸಿಕ್ಕಿಸಿಟ್ಟ ಡ್ರೈವ್ ಬ್ಯಾಕಪ್ ಅಲ್ಲವೇ ಅಲ್ಲ. ಮಿಲ್ಲಿನವರು ಡಿಸ್ಕನ್ನು ಯಂತ್ರದ ಪಕ್ಕ ಇಡಬೇಡಿ, ಬೇಳೆ ಧೂಳು ಎಲ್ಲಿಗೂ ನುಗ್ಗುತ್ತದೆ. ಕಾರಿನಲ್ಲಂತೂ ಬಿಡಲೇಬೇಡಿ. ಹೊರಗೇ 42 ಡಿಗ್ರಿ ದಾಟುವ ಊರು ನಮ್ಮದು, ಮೇ ತಿಂಗಳಲ್ಲಿ ನಿಂತ ಕಾರಿನ ಒಳಗೆ ಹೇಗಿರುತ್ತದೆ ನೀವೇ ಯೋಚಿಸಿ. ರಿಮೋಟ್ ಡೆಸ್ಕ್‌ಟಾಪ್ ನೇರ ಇಂಟರ್ನೆಟ್‌ಗೆ ತೆರೆದಿದ್ದರೆ ಇವತ್ತೇ ಮುಚ್ಚಿಸಿ. ಪಟ್ಟಿಯ ಕಾರ್ಬನ್ ಪುಸ್ತಕವನ್ನು ಯಾರು ಎಷ್ಟೇ ನಕ್ಕರೂ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯ, ಬ್ಯಾಕಪ್ ತೆಗೆದರೆ ಸಾಲದು, ತೆರೆದು ನೋಡಬೇಕು. ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಕೊನೆಯ ವೋಚರ್, ಅಂದ್ರೆ ಕೊನೆಗೆ ಬರೆದ ವ್ಯವಹಾರ, ಯಾವ ತಾರೀಖಿನದು ನೋಡಿ. ಇದನ್ನ ಮಾಡುವವರು ನನಗೆ ಇಷ್ಟು ವರ್ಷದಲ್ಲಿ ಸಿಕ್ಕದ್ದು ಬಹಳ ಕಡಿಮೆ.

ಒಬ್ಬರು ಸಿಕ್ಕಿದ್ದಾರೆ. ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಅಕ್ಕ. ಮೊನ್ನೆ ನಾನು ರೊಟ್ಟಿ ಬುತ್ತಿ ಬಿಚ್ಚುವಾಗ ಫೋನ್ ಮಾಡಿದರು. "ಅಣ್ಣಾರ, ಬ್ಯಾಕಪ್ ತಗೀತೀನಿ ಖರೇ, ಅದು ತೆರೀತದೋ ಇಲ್ಲೋ ಹೆಂಗ ತಿಳೀಬೇಕ್ರಿ?" ಬುತ್ತಿ ಕಟ್ಟಿಕೊಂಡು ಹಾಗೇ ಗಾಡಿ ಹತ್ತಿದೆ. ಅವರ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ರಿಸ್ಟೋರ್ ಮಾಡಿದೆವು. ತೆರೆಯಿತು. ಆದರೆ ಕೊನೆಯ ವೋಚರ್ ನಾಲ್ಕು ತಿಂಗಳ ಹಿಂದಿನದು. ಟ್ಯಾಲಿಯ ಲೆಕ್ಕ ಬೇರೆ ಫೋಲ್ಡರ್‌ಗೆ ಬದಲಾಗಿತ್ತು. ಬ್ಯಾಕಪ್ ಮಾತ್ರ ಪ್ರತಿ ಶನಿವಾರ ಹಳೇ ಫೋಲ್ಡರನ್ನೇ ಕಾಪಿ ಮಾಡುತ್ತಾ ಬಂದಿತ್ತು. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು, "ಈಗ ಸರಿ ಮಾಡೂಣ್ರಿ" ಅಂದರು.

ದಾರಿ ಸರಿಮಾಡಿ, ಹೊಸದಾಗಿ ಬ್ಯಾಕಪ್ ತೆಗೆದು, ಮತ್ತೊಮ್ಮೆ ತೆರೆದು ನೋಡಿದೆವು. ನಿನ್ನೆ ಸಂಜೆಯ ವೋಚರ್ ಬಂತು. ಅಕ್ಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ ಮೊದಲ ಶನಿವಾರಕ್ಕೆ ಕೆಂಪು ಗುರುತು ಹಾಕಿದರು. ಅವರ ಕಂಪ್ಯೂಟರ್‌ಗೂ ವಿಂಡೋಸ್ 11 ಹತ್ತುವುದಿಲ್ಲ, ಹಳೇದು. ಈ ಸೀಜನ್ ಮುಗಿದ ಮೇಲೆ ಮಾಲಕರ ಜೊತೆ ಕೂತು ಅದನ್ನ ಮಾತಾಡೋಣ ಅಂದುಕೊಂಡಿದ್ದೇವೆ.