ದೊಡ್ಡಪ್ಪನಿಗೆ ಸಿಗದ ಕಾಫಿ ಹೂವಿನ ಕಂಪು

ಸೋಮವಾರಪೇಟೆಯ ಬಳಿಯ ನಮ್ಮ ತೋಟದಲ್ಲಿ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ, ದೊಡ್ಡಪ್ಪ ‘ಈ ವರ್ಷ ಹೂವಿಗೆ ವಾಸನೆಯೇ ಇಲ್ಲವಲ್ಲ’ ಎಂದಿದ್ದರು. ನಾವು ನಕ್ಕು ಸುಮ್ಮನಾದೆವು. ನಾಲ್ಕು ವರ್ಷಗಳ ಬಳಿಕ ಅವರ ಬಲಗೈ ನಡುಗತೊಡಗಿ, ವೈದ್ಯರು ಅದನ್ನು ಪಾರ್ಕಿನ್ಸನ್ ಕಾಯಿಲೆಯೆಂದು ಗುರುತಿಸಿದಾಗಲೇ, ವಾಸನೆ ತಿಳಿಯದಾಗುವುದು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಕಾಣಿಸಿಕೊಳ್ಳಬಲ್ಲ ಲಕ್ಷಣವೆಂಬುದು ನಮಗೆ ಗೊತ್ತಾದದ್ದು.

ಅಂದಿನಿಂದ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ: ಉಪವಾಸವಿದ್ದರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಮಿದುಳನ್ನು ಶುದ್ಧಗೊಳಿಸುತ್ತವೆ, ಇದಕ್ಕೆ ನೊಬೆಲ್ ಬಂದಿದೆ ಎಂದು. ನೊಬೆಲ್ ಬಂದದ್ದು ನಿಜ. ಹಸಿದ ಯೀಸ್ಟ್ ಕೋಶಗಳಲ್ಲಿ ಈ ‘ಆಟೋಫಜಿ’ಗೆ ಬೇಕಾದ ವಂಶವಾಹಿಗಳನ್ನು 1990ರ ದಶಕದಲ್ಲಿ ಪತ್ತೆಹಚ್ಚಿದ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ಅದು ಸಂದಿತು. ಸಂದೇಶದ ಉಳಿದ ಭಾಗವನ್ನು ನಾನು ಒಪ್ಪಲಾರೆ.

ಕೆಟ್ಟ ಪ್ರೋಟೀನುಗಳನ್ನೂ ಸವೆದ ಮೈಟೊಕಾಂಡ್ರಿಯಗಳೆಂಬ ಶಕ್ತಿಕೇಂದ್ರಗಳನ್ನೂ ಕೋಶವು ಎರಡು ಪದರದ ಪೊರೆಯಲ್ಲಿ ಮೂಟೆ ಕಟ್ಟಿ, ಲೈಸೊಸೋಮ್ ಎಂಬ ಆಮ್ಲೀಯ ಚೀಲಕ್ಕೆ ಒಪ್ಪಿಸುತ್ತದೆ. ಅಲ್ಲಿನ ಕಿಣ್ವಗಳು ಅವನ್ನು ಒಡೆದು ಮರುಬಳಕೆಗೆ ಬಿಟ್ಟುಕೊಡುತ್ತವೆ. ವಿಭಜನೆಗೊಳ್ಳುವ ಕೋಶಗಳಲ್ಲಿ ಉಳಿದ ಕಸ ಮರಿಕೋಶಗಳಿಗೆ ಹಂಚಿಹೋಗಿ ತೆಳುವಾಗುತ್ತದೆ. ನರಕೋಶಕ್ಕೆ ಆ ಅನುಕೂಲವಿಲ್ಲ. ಮೇಲಾಗಿ ಆಕ್ಸಾನ್ ಎಂಬ ಅದರ ಉದ್ದನೆಯ ಎಳೆಯ ತುದಿಯಲ್ಲಿ ಕಟ್ಟಿದ ಮೂಟೆ ಅಷ್ಟುದ್ದ ಸಾಗಿ ಕೋಶದ ಒಡಲಿನತ್ತ ಬರಬೇಕು. ಇಲಿಗಳ ನರಕೋಶಗಳಲ್ಲಿ ಮಾತ್ರ ಆಟೋಫಜಿಯ ಒಂದು ವಂಶವಾಹಿಯನ್ನು ತೆಗೆದುಹಾಕಿದರೆ, ಬೇರಾವ ವಿಷವನ್ನೂ ಕೊಡದೆಯೇ ಪ್ರೋಟೀನ್ ಗಂಟುಗಳು ಸೇರಿ, ಚಲನೆ ಕೆಡುತ್ತದೆಂದು 2006ರಲ್ಲಿ ಎರಡು ತಂಡಗಳು ತೋರಿಸಿದವು.

ಆದರೆ ಈ ಕಸ ತೆಗೆಯುವ ಕೆಲಸ ನಿಲ್ಲುವ ಜಾಗ ಎಲ್ಲರಲ್ಲೂ ಒಂದೇ ಅಲ್ಲ. ಆನುವಂಶಿಕ ಪಾರ್ಕಿನ್ಸನ್‌ನ ಕೆಲವು ಬಗೆಗಳಲ್ಲಿ ಪಿಂಕ್-1 ಅಥವಾ ಪಾರ್ಕಿನ್ ಪ್ರೋಟೀನು ಕೆಟ್ಟು, ಹಾಳಾದ ಮೈಟೊಕಾಂಡ್ರಿಯಕ್ಕೆ ‘ತೆಗೆದುಹಾಕಿ’ ಎಂಬ ಗುರುತೇ ಬೀಳುವುದಿಲ್ಲ. ಜಿಬಿಎ ವಂಶವಾಹಿಯಲ್ಲಿ ದೋಷವಿದ್ದವರಲ್ಲಿ ಲೈಸೊಸೋಮಿನ ಕಿಣ್ವವೇ ಬಲಹೀನ. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಂತೂ ಕರಗದ ಮೂಟೆಗಳು ಊದಿಕೊಂಡ ನರತಂತುಗಳಲ್ಲಿ ತುಂಬಿರುತ್ತವೆ. ಕೊನೆಯ ಹಂತವೇ ಕಟ್ಟಿಕೊಂಡಲ್ಲಿ ಇನ್ನಷ್ಟು ಮೂಟೆ ಕಟ್ಟಿಸಿ ಏನು ಲಾಭ?

ದೊಡ್ಡಪ್ಪನ ಲೆವೊಡೋಪಾ ಮಾತ್ರೆಯೂ ಕಸ ತೆಗೆಯುವುದಿಲ್ಲ, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೊರತೆಯನ್ನಷ್ಟೇ ತುಂಬುತ್ತದೆ. ತೂಕ ಇಳಿಯುತ್ತಿರುವ ಅವರಿಗೆ ಉಪವಾಸ ಬೇಡವೆಂದು ವೈದ್ಯರೂ ಹೇಳಿದ್ದಾರೆ. ಏಳಕ್ಕೆ ಮಾತ್ರೆ, ಎಂಟಕ್ಕೆ ಅಕ್ಕಿರೊಟ್ಟಿ. ಅದನ್ನು ನಾವು ತಪ್ಪಿಸಿಲ್ಲ.